ಅಪ್‌ಡೇಟ್: ಬಿಸಿಯಾಗುತ್ತಿದ್ದ ರೆಗ್ಯುಲೇಟರ್ ಸರಿಹೋಯಿತು

ಮನೆಯಲ್ಲಿ ಮಾಡಿದ ಬೋರ್ಡಿನಲ್ಲಿ ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ಎಎಂಎಸ್1117 ರೆಗ್ಯುಲೇಟರ್ ಚಿಪ್ ಕೈಸುಡುವಷ್ಟು ಕಾಯುತ್ತದೆ, 3.3 ವೋಲ್ಟ್ ಬರುವುದೇ ಇಲ್ಲ ಎಂದು ಕಳೆದ ವಾರ ಕೇಳಿದ್ದೆ. ಅದರ ಅಗಲವಾದ ಲೋಹದ ಪಟ್ಟಿಯನ್ನು ಪರೀಕ್ಷಿಸಿ ಎಂದವರಿಗೆ ಮನಸಾರೆ ವಂದನೆಗಳು. ಆ ಪಟ್ಟಿ ಔಟ್‌ಪುಟ್! 7805 ಎಂಬ ಇನ್ನೊಂದು ರೆಗ್ಯುಲೇಟರಿನಲ್ಲಿ ಅದು ಗ್ರೌಂಡ್ ಆಗಿರುವುದರಿಂದ, ಇಲ್ಲಿಯೂ ಹಾಗೆಯೇ ಎಂದುಕೊಂಡು ಬೋರ್ಡಿನ ಗ್ರೌಂಡ್ ತಾಮ್ರಕ್ಕೆ ಸೇರಿಸಿಬಿಟ್ಟಿದ್ದೆ; ಔಟ್‌ಪುಟ್ ನೇರ ಗ್ರೌಂಡಿಗೆ ಶಾರ್ಟ್ ಆಗಿತ್ತು.

ಹೊಸ ಬೋರ್ಡ್ ಮಾಡಲಿಲ್ಲ. ಶಾಖ ಹರಡಲು ಪಟ್ಟಿಯ ಸುತ್ತ ಒಂದು ಸೆಂಟಿಮೀಟರ್ ತಾಮ್ರ ಉಳಿಸಿ, ಅದರಾಚೆ ಬ್ಲೇಡಿನಿಂದ ಜೋಡಿ ಗೀರು ಎಳೆದೆ. ಸೋಲ್ಡರಿಂಗ್ ಐರನ್ ತಾಗಿಸುತ್ತಾ ಚಿಮುಟದಿಂದ ಎಳೆದಾಗ ನಡುವಿನ ತಾಮ್ರ ನಾರಿನಂತೆ ಸುಲಿದು ಬಂತು. ಪಟ್ಟಿಗೂ ಗ್ರೌಂಡಿಗೂ ಸಂಪರ್ಕವಿದೆ ಎನ್ನುತ್ತಿದ್ದ ಮಲ್ಟಿಮೀಟರಿನ ಬೀಪ್ ನಿಂತ ಆ ಕ್ಷಣದ ಸಂತೋಷ ಹೇಳತೀರದು. ಗ್ರೌಂಡ್ ಕಳೆದುಕೊಂಡ ಕೆಪಾಸಿಟರನ್ನು ಮತ್ತೆ ಗ್ರೌಂಡಿಗೆ ಸೇರಿಸಲು ಎನಾಮಲ್ ತಂತಿಯ (ನಿರೋಧಕ ಲೇಪವಿರುವ ತಂತಿ) ತುದಿ ಕೆರೆದು ಬೆಸೆದೆ.

ಈಗ 3.31 ವೋಲ್ಟ್ ಬರುತ್ತಿದೆ. ರೆಗ್ಯುಲೇಟರ್ ಚಿಪ್ ಕೂಡ ಉಳಿದಿದೆ. ಬೋರ್ಡ್ ವಿನ್ಯಾಸದ ತಂತ್ರಾಂಶವಾದ ಕಿಕ್ಯಾಡ್‌ನಲ್ಲಿ (KiCad) ವಿನ್ಯಾಸವನ್ನೂ ತಿದ್ದಿದ್ದೇನೆ.