‘ವಾಟರ್ ಬಾಂಬರ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಕಾಳ್ಗಿಚ್ಚಿನ ಮೇಲೆ ನೀರು ಸುರಿಯುತ್ತಿದ್ದ, ಕೆನಡಾದ ‘ಮಾರ್ಸ್’ ಎಂಬ ವಿಮಾನಗಳ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಎರಡು ಪದಗಳು ತಡೆದು ನಿಲ್ಲಿಸಿವೆ: ಫ್ಲೈಯಿಂಗ್ ಬೋಟ್ ಮತ್ತು ವಾಟರ್ ಬಾಂಬರ್. ಬಲ್ಲವರು ನೆರವಾಗಬೇಕು.

ನೀರಿನ ಮೇಲೆ ಇಳಿಯುವುದನ್ನೆಲ್ಲ ನಾವು ‘ಸೀಪ್ಲೇನ್’ ಅಥವಾ ‘ಜಲವಿಮಾನ’ ಎಂದುಬಿಡುತ್ತೇವೆ. ಆದರೆ ಅದರಲ್ಲಿ ಎರಡು ಜಾತಿಗಳಿವೆ. ಒಂದಕ್ಕೆ, ಈಜು ಕಲಿಯುವವರು ಕಟ್ಟಿಕೊಳ್ಳುವ ಸೋರೆಬುರುಡೆಯ ಹಾಗೆ, ಮೈ ಕೆಳಗೆ ಎರಡು ತೇಲುಗಳಿರುತ್ತವೆ. ಇನ್ನೊಂದರ ಹೊಟ್ಟೆಯೇ ದೋಣಿ. ಮಾರ್ಸ್ ಈ ಎರಡನೆಯ ಜಾತಿಯದು. ಇದಕ್ಕೆ ‘ಹಾರುದೋಣಿ’ ಒಪ್ಪುತ್ತದೆ ಎಂದು ನನ್ನ ಎಣಿಕೆ. ಗೆಳೆಯರೊಬ್ಬರು ಒಪ್ಪಲಿಲ್ಲ: ರೆಕ್ಕೆಯ ತುದಿಯಿಂದ ತುದಿಗೆ 61 ಮೀಟರ್, 1949ರಲ್ಲಿ ಒಮ್ಮೆ 300ಕ್ಕೂ ಹೆಚ್ಚು ಜನರನ್ನು ಹೊತ್ತು ಹಾರಿದೆ, ಇದು ದೋಣಿ ಹೇಗಾದೀತು, ಹಡಗು ಎನ್ನಿ ಎಂದರು. ಅವರ ಮಾತಿಗೂ ಆಧಾರವಿದೆ. ಹನ್ನೆರಡು ಎಂಜಿನ್ನುಗಳ ಡಾರ್ನಿಯರ್ ಡೊ-ಎಕ್ಸ್ ಅನ್ನು ಜರ್ಮನರು ‘ಫ್ಲೂಗ್‌ಶಿಫ್’, ಅಂದರೆ ಹಾರುಹಡಗು, ಎಂದೇ ಕರೆದರು. ಆದರೂ ಹೆಸರು ಹೇಳಬೇಕಾದದ್ದು ಹೊಟ್ಟೆಯ ಆಕಾರವನ್ನು, ಗಾತ್ರವನ್ನಲ್ಲ. ಹಾಗಾಗಿ ನಾನು ದೋಣಿಯನ್ನೇ ಹಿಡಿದಿದ್ದೇನೆ.

ನಿಜವಾದ ತೊಡಕು ಎರಡನೆಯದು. ಬಾಂಬು ಎಂದೊಡನೆ ನಮ್ಮ ಮಕ್ಕಳ ಕಣ್ಣಿಗೆ ಬರುವುದು ಯುದ್ಧ. ಈ ವಿಮಾನಗಳೋ ಅಮೆರಿಕದ ನೌಕಾಪಡೆಯಲ್ಲಿ ಸರಕು, ಜನ ಸಾಗಿಸುತ್ತಿದ್ದವು. ಅಲ್ಲಿಂದ 1956ರಲ್ಲಿ ನಿವೃತ್ತಿಯಾದವು. ಉಳಿದ ನಾಲ್ಕನ್ನು 1959ರಲ್ಲಿ ಬ್ರಿಟಿಷ್ ಕೊಲಂಬಿಯಾದ ಮರದ ಕಂಪನಿಗಳು ಒಟ್ಟುಗೂಡಿ ಕೊಂಡು, ಹೊಟ್ಟೆಯಲ್ಲಿ ನೀರಿನ ತೊಟ್ಟಿ ಕೂರಿಸಿ, ಕಾಳ್ಗಿಚ್ಚಿನ ಮೇಲೆ ಬಿಟ್ಟವು. 1961ರಲ್ಲಿ ಅವುಗಳಲ್ಲೊಂದಾದ ಮರಿಯಾನಾಸ್ ಮಾರ್ಸ್ ಬೆಂಕಿ ಆರಿಸಲು ಹೋಗಿ ಬಿದ್ದು ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ಅಂಥವರ ಕೆಲಸಕ್ಕೆ ದಾಳಿಯ ಹೆಸರು ಇಡಲು ನನಗೆ ಮನಸ್ಸಿಲ್ಲ.

ಮಾರ್ಸ್ ಮಾಡುತ್ತಿದ್ದ ಕೆಲಸವನ್ನೇ ನೋಡಿ. ವ್ಯಾಂಕೂವರ್ ದ್ವೀಪದ ಸ್ಪ್ರೋಟ್ ಕೆರೆಯ ಮೇಲೆ, ನಿಲ್ಲದೆ, ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲಿ ಹೊಟ್ಟೆ ಉಜ್ಜುತ್ತ ಓಡುವಾಗ ಅಡಿಯಿಂದ ಎರಡು ಕೊಳವೆಬಾಯಿ ಇಳಿಯುತ್ತಿದ್ದವು. ಅರ್ಧ ನಿಮಿಷದಲ್ಲಿ 27,000 ಲೀಟರ್ ಒಳಗೆ! ಇದಕ್ಕೆ ‘ತುಂಬಿಸುವುದು’ ಎಂದರೆ ಸಪ್ಪೆ. ‘ಮೊಗೆಯುವುದು’ ಎಂಬುದೇ ತಕ್ಕ ಮಾತು. ಬೊಗಸೆಯಲ್ಲಿ ಮೊಗೆ, ಬಿಂದಿಗೆಯಲ್ಲಿ ಮೊಗೆ, ಹಾಗೆಯೇ ಇದು. ಹೆಲಿಕಾಪ್ಟರಿನದು ಬೇರೆ ಬಗೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಾವಿಗೆ ಕೊಡ ಇಳಿಸಿದಂತೆ ಬಕೆಟ್ ಇಳಿಸಿ ನೀರೆತ್ತಿದವು. ಆಗ ‘ನೀರು ಸಿಂಪಡಿಸಿದವು’ ಎಂದವರೂ ಇದ್ದರು. ಸಿಂಪಡಿಸುವುದು ಗಿಡಕ್ಕೆ ಔಷಧಿ. ನಾಲ್ಕೆಕರೆಯಷ್ಟು ಕಾಡನ್ನು ಒಂದೇ ಸಲ ತೋಯಿಸುತ್ತಿದ್ದ ಮಾರ್ಸ್‌ನ ನೀರಿಗೆ ‘ಸುರಿ’ ಅಥವಾ ‘ಹೊಯ್’ ಬೇಕು.

ಹಾಗಾಗಿ ‘ಮೊಗೆವಿಮಾನ’ ಎಂದರೆ ಹೇಗೆ? ಕಡೆಗೋಲಿನಲ್ಲಿ ‘ಕಡೆ’ ಕೂತಂತೆ ಇಲ್ಲಿ ‘ಮೊಗೆ’ ಕೂರುತ್ತದೆ. ಒಂದೇ ಅಳುಕು: ಶಿರಸಿ, ಸಾಗರದ ಕಡೆಯವರಿಗೆ ಮೊಗೆ ಎಂದರೆ ಮೊದಲು ನೆನಪಾಗುವುದು ಸೌತೆ ಜಾತಿಯ ತರಕಾರಿ ಮೊಗೆಕಾಯಿ. ಆ ಭಾಗದವರ ಕಿವಿಗೆ ಇದು ಹೇಗೆ ಕೇಳುತ್ತದೆ, ತಿಳಿಸಿ.

ಪದ ಕಟ್ಟದೆಯೂ ಬದುಕಬಹುದು ಎನ್ನುವವರಿಗೆ ಫ್ರೆಂಚರ ಉದಾಹರಣೆಯಿದೆ. ಬೆಂಕಿ ಆರಿಸಲೆಂದೇ ಕಟ್ಟಿ 1967ರಲ್ಲಿ ಮೊದಲು ಹಾರಿದ ಕೆನಡೇರ್ ಸಿಎಲ್-215ರ ಕಂಪನಿ ಹೆಸರೇ ಅವರಲ್ಲಿ ಅಂಥ ವಿಮಾನಕ್ಕೆಲ್ಲ ಸಾಮಾನ್ಯ ಪದವಾಯಿತು, ನಮ್ಮಲ್ಲಿ ಮಣ್ಣೆತ್ತುವ ಯಂತ್ರಕ್ಕೆಲ್ಲ ಜೆಸಿಬಿ ಎಂದಂತೆ. ಆದರೆ ಕೆನಡೇರ್ ನಮ್ಮವರ ಬಾಯಿಗೆ ಬಂದಿಲ್ಲವಲ್ಲ.

ಇನ್ನೊಂದು ಕೇಳಬೇಕಿತ್ತು. ಕರಾವಳಿಯ ಅಡಿಕೆ ತೋಟಗಳಲ್ಲಿ ಕಣಿಯ (ತೋಟದ ಕಾಲುವೆಯ) ನೀರನ್ನು ಅಡಿಕೆ ಹಾಳೆಯಲ್ಲಿ ಮೊಗೆದು, ಅದೇ ಬೀಸಿನಲ್ಲಿ ಮರದ ಬುಡಕ್ಕೆ ಎರಚುವ ಕೆಲಸವಿತ್ತು. ಮೊಗೆಯುವುದು, ಎರಚುವುದು ಎರಡೂ ಅಲ್ಲಿ ಒಂದೇ ಚಲನೆ. ಮಾರ್ಸ್ ಕೂಡ ಮೊಗೆದು ಸುರಿಯುತ್ತಿತ್ತು, ನಡುವೆ ಹಾರಾಟವಿತ್ತು ಅಷ್ಟೆ. ಅದಕ್ಕೆ ನಿಮ್ಮ ಮನೆಯಲ್ಲಿ ಒಂದೇ ಕ್ರಿಯಾಪದ ಬಳಸುತ್ತಿದ್ದರೆ, ಯಾವ ಊರಿನ ಮಾತು ಎಂಬುದರ ಸಮೇತ ಬರೆಯಿರಿ. ಆ ನಾಲ್ಕರಲ್ಲೊಂದಾದ ಹವಾಯಿ ಮಾರ್ಸ್ 2024ರ ಆಗಸ್ಟಿನಲ್ಲಿ ಅದೇ ವ್ಯಾಂಕೂವರ್ ದ್ವೀಪದ ವಿಕ್ಟೋರಿಯಾ ನಗರದ ಬಳಿಯ ವಸ್ತುಸಂಗ್ರಹಾಲಯ ಸೇರಿದೆ. ಅದರ ಚಿತ್ರದ ಅಡಿಬರಹಕ್ಕೆ ಆ ಪದ ಬೇಕು.