ಬೇಸ್64 ಡಿಕೋಡ್ ಮಾಡಿದರೆ ಫೋಟೋದ ಮೇಲಿನ ಪಟ್ಟಿ ಮಾತ್ರ ಬರುತ್ತಿದೆ, ಉಳಿದದ್ದೆಲ್ಲ ಬೂದು

ಬೂದುಬೋರ್ಡು: ಒಂದು ಚಿಕ್ಕ ಕ್ಯಾಮೆರಾ ಬೋರ್ಡ್ ಜೆಪೆಗ್ ಫೋಟೋ ತೆಗೆದು, ಬೇಸ್64 (ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ಕ್ರಮ) ಮಾಡಿ, ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ರೂಪ) ಒಳಗಿಟ್ಟು ಸರ್ವರ್‌ಗೆ ಕಳಿಸುತ್ತದೆ. ಸರ್ವರ್‌ನಲ್ಲಿ ಡಿಕೋಡ್ ಮಾಡಿ ಸೇವ್ ಮಾಡಿದರೆ ಫೈಲ್ ತೆರೆಯುತ್ತದೆ, ಆದರೆ ಮೇಲೆ ಒಂದು ತೆಳು ಪಟ್ಟಿ ಬಿಟ್ಟರೆ ಬರೀ ಬೂದು ಬಣ್ಣ. ಎರರ್ ಏನೂ ಇಲ್ಲ. ಕ್ಯಾಮೆರಾ ಸರಿಯಿದೆ, ಕಾರ್ಡ್‌ನಲ್ಲಿ ಉಳಿಯುವ ಪ್ರತಿ ಚೆನ್ನಾಗಿಯೇ ಇದೆ.

ತಂತಿಗಂಟು: ನೆಟ್‌ವರ್ಕ್‌ನಲ್ಲಿ ಅರ್ಧ ಬಿದ್ದು ಹೋಗುತ್ತಿರಬಹುದು. ಸಿಗ್ನಲ್ ನೋಡಿ.

ಆರುಬಿಟ್: ಹಾಗೆ ಬಿದ್ದಿದ್ದರೆ ಜೇಸನ್ ಕೊನೆಯ ಆವರಣವೂ ಬರುತ್ತಿರಲಿಲ್ಲ, ಅದನ್ನು ಓದುವ ಪಾರ್ಸರ್ ಆಗಲೇ ಕೂಗುತ್ತಿತ್ತು. ಎರಡು ಅಂಕಿ ಕೊಡಿ: ಸರ್ವರ್‌ಗೆ ಬಂದ ಬೇಸ್64 ಪಠ್ಯದ ಉದ್ದ ಎಷ್ಟು, ಸೇವ್ ಆದ ಫೈಲ್ ಎಷ್ಟು ಬೈಟ್? ಮೂಲ ಫೈಲಿನ ಸೈಜ್ ಕೂಡ ಬೇಕು.

ಬೂದುಬೋರ್ಡು: ಮೂಲ 14200 ಬೈಟ್. ಬಂದ ಪಠ್ಯ 18968 ಅಕ್ಷರ. ಸೇವ್ ಆದದ್ದು 1024 ಬೈಟ್. ಈಗ ನೋಡಿದರೆ ಎಲ್ಲಾ ಫೋಟೋಗಳೂ ಸರಿಯಾಗಿ 1024!

ಆರುಬಿಟ್: ಸಿಕ್ಕಿತು. ಬೋರ್ಡ್ ಫೈಲನ್ನು 1024 ಬೈಟ್ ತುಂಡುಗಳಲ್ಲಿ ಓದಿ, ಪ್ರತಿ ತುಂಡನ್ನೂ ಬೇರೆ ಬೇರೆ ಎನ್‌ಕೋಡ್ ಮಾಡಿ ಅಂಟಿಸುತ್ತಿದೆ, ಅಲ್ವಾ?

ಬೇಸ್64 ಮೂರು ಬೈಟ್ ತೆಗೆದುಕೊಳ್ಳುತ್ತದೆ, ಅಂದರೆ 24 ಬಿಟ್. ಅದನ್ನು ಆರಾರು ಬಿಟ್‌ಗಳ ನಾಲ್ಕು ಭಾಗ ಮಾಡುತ್ತದೆ. ಆರು ಬಿಟ್‌ನಲ್ಲಿ 64 ಬೆಲೆ ಸಾಧ್ಯ, ಒಂದೊಂದಕ್ಕೆ ಒಂದು ಅಕ್ಷರ: 26 ದೊಡ್ಡಕ್ಷರ, 26 ಚಿಕ್ಕಕ್ಷರ, 10 ಅಂಕಿ, ಜೊತೆಗೆ + ಮತ್ತು /. ಕೊನೆಯಲ್ಲಿ ಒಂದೇ ಬೈಟ್ ಉಳಿದರೆ ಅದರ 8 ಬಿಟ್‌ಗೆ ನಾಲ್ಕು ಸೊನ್ನೆ ಸೇರಿಸಿ ಎರಡು ಅಕ್ಷರ ಬರೆದು, ನಾಲ್ಕರ ಲೆಕ್ಕ ತುಂಬಲು == ಹಾಕುತ್ತದೆ. ಎರಡು ಬೈಟ್ ಉಳಿದರೆ ಒಂದು =.

1024 ಅಂದರೆ 341 ಮೂರುಗಳು, ಮೇಲೆ ಒಂದು. ಹಾಗಾಗಿ ನಿಮ್ಮ ಪ್ರತಿ ಪೂರ್ತಿ ತುಂಡಿನ ಕೊನೆಗೂ == ಬಂದಿದೆ. ಡಿಕೋಡರ್‌ಗೆ = ಅಂದರೆ 'ಮುಗಿಯಿತು'. ಕೆಲವು ಅಲ್ಲೇ ಎರರ್ ಕೊಡುತ್ತವೆ. ನಿಮ್ಮದು ಸುಮ್ನೆ ನಿಂತುಬಿಡುವ ಜಾತಿ, ಅದೇ ಕಷ್ಟ. ಒಂದೇ ಉಸಿರಿಗೆ ಎನ್‌ಕೋಡ್ ಮಾಡಿದ್ದರೆ ಉದ್ದ 18936 ಇರಬೇಕಿತ್ತು. ನಿಮ್ಮಲ್ಲಿ 32 ಜಾಸ್ತಿ ಇದೆ.

ಬೂದುಬೋರ್ಡು: ಹೌದು, ಪಠ್ಯದಲ್ಲಿ ಹುಡುಕಿದರೆ 13 ಕಡೆ == ಇದೆ. ಹಾಗಾದರೆ 1023 ಮಾಡಿದರೆ ಸಾಕಾ?

ಆರುಬಿಟ್: ಮೂರರಿಂದ ಭಾಗವಾಗುವ ಯಾವ ಅಳತೆಯಾದರೂ ಸರಿ. ಮೆಮೊರಿ ಇದ್ದರೆ 3072 ಇಡಿ, ಸರಿಯಾಗಿ 4096 ಅಕ್ಷರ ಆಗುತ್ತದೆ. ಆದರೆ ಒಂದು ಕಡೆ ಎಡವಬೇಡಿ: ನೀವು 3072 ಕೇಳಿದರೂ ರೀಡ್ ಫಂಕ್ಷನ್ ಕೆಲವೊಮ್ಮೆ ಕಡಿಮೆ ಕೊಡುತ್ತದೆ. ಆಗ ಮತ್ತೆ ಮಧ್ಯದಲ್ಲಿ = ಬರುತ್ತದೆ, ಅದೂ ಅಪರೂಪಕ್ಕೆ. ಹಿಡಿಯುವುದು ಇನ್ನೂ ಕಷ್ಟ. ಓದಿದ ಮೇಲೆ ಮೂರರ ಲೆಕ್ಕಕ್ಕೆ ಸಿಗದ ಒಂದೋ ಎರಡೋ ಬೈಟ್‌ಗಳನ್ನು ಬದಿಗಿಟ್ಟು ಮುಂದಿನ ಸುತ್ತಿಗೆ ಸೇರಿಸಿ. ಫೈಲ್ ಮುಗಿದಾಗ ಮಾತ್ರ = ಹಾಕಲು ಬಿಡಿ.

ಹಳೆಯ ಫೋಟೋಗಳ ಪಠ್ಯ ಉಳಿದಿದ್ದರೆ ಎಸೆಯಬೇಡಿ. ಒಂದು ಪೂರ್ತಿ ತುಂಡು 1368 ಅಕ್ಷರ. ಅಷ್ಟಷ್ಟಕ್ಕೆ ಕತ್ತರಿಸಿ, ಬೇರೆ ಬೇರೆ ಡಿಕೋಡ್ ಮಾಡಿ, ಬಂದ ಬೈಟ್‌ಗಳನ್ನು ಜೋಡಿಸಿ. ಪೂರ್ತಿ ಫೋಟೋ ಬರುತ್ತದೆ.

ಸೊನ್ನೆಸೊನ್ನೆ: ನನ್ನದೂ ಇದೇ ಥರ, ಆದರೆ ಮಧ್ಯದಲ್ಲಿ = ಇಲ್ಲ, ಅಲ್ಲಲ್ಲಿ ಖಾಲಿ ಜಾಗ ಇದೆ. ವೆಬ್ ವಿಳಾಸದ ಬಾಲಕ್ಕೆ ಸೇರಿಸಿ ಕಳಿಸುತ್ತೇನೆ.

ಆರುಬಿಟ್: ಅದು ಬೇರೆ ರೋಗ. ವಿಳಾಸದ ಪ್ಯಾರಾಮೀಟರ್‌ಗಳಲ್ಲಿ + ಬಂದರೆ ಹೆಚ್ಚಿನ ಸರ್ವರ್‌ಗಳು ಅದನ್ನು ಸ್ಪೇಸ್ ಎಂದು ಓದುತ್ತವೆ. ಇದಕ್ಕಾಗಿಯೇ + ಬದಲು -, / ಬದಲು _ ಬಳಸುವ ಇನ್ನೊಂದು ಬಗೆ ಇದೆ, 2006ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 4648ರಲ್ಲಿ ಎರಡೂ ಇವೆ. ಎರಡೂ ಕಡೆ ಅದನ್ನೇ ಬಳಸಿ. ಸರ್ವರ್‌ನಲ್ಲಿ ಸ್ಪೇಸನ್ನು ಮತ್ತೆ + ಮಾಡುವ ತೇಪೆಯೂ ನಡೆಯುತ್ತದೆ, ನನಗಂತೂ ಇಷ್ಟವಿಲ್ಲ.

ಬೂದುಬೋರ್ಡು: 3072 ಇಟ್ಟು, ಉಳಿದ ಬೈಟ್‌ಗಳ ಲೆಕ್ಕವನ್ನೂ ಸೇರಿಸಿದೆ. ಪೂರ್ತಿ ಫೋಟೋ ಬಂತು, ಉದ್ದವೂ 18936. ಹಳೆಯವೂ ಬಂದವು. ಇನ್ನೊಂದು ಪ್ರಶ್ನೆ: ಡೇಟಾ ಮೂರನೇ ಒಂದು ಭಾಗ ಜಾಸ್ತಿ ಆಗುತ್ತಿದೆ. ಇದಕ್ಕಿಂತ ಬಿಗಿಯಾದ ಎನ್‌ಕೋಡಿಂಗ್ ಇದೆಯಾ?

ತಂತಿಗಂಟು: ಬೇಸ್85 ನೋಡಿ. ನಾಲ್ಕು ಬೈಟ್‌ಗೆ ಐದು ಅಕ್ಷರ, 25% ಅಷ್ಟೇ ಹೆಚ್ಚು. ಪಿಡಿಎಫ್ ಫೈಲ್‌ಗಳಲ್ಲೂ ಇದರ ಒಂದು ಬಗೆ ಇದೆ.

ಆರುಬಿಟ್: ಅದರ ಕೆಲವು ಬಗೆಗಳಲ್ಲಿ ಉದ್ಧರಣ ಚಿಹ್ನೆಯೂ ಹಿಂಬದಿ ಗೆರೆಯೂ (\) ಬರುತ್ತವೆ, ಜೇಸನ್ ಒಳಗೆ ಹೊಸ ತಲೆನೋವು. ನಿಮಗೆ ನಿಜವಾಗಿ ಬೇಸ್64 ಬೇಕೇ ಇಲ್ಲ. ಇಂಥ ಎನ್‌ಕೋಡಿಂಗ್ ಹುಟ್ಟಿದ್ದು ಏಳು ಬಿಟ್‌ನ ಪಠ್ಯ ಮಾತ್ರ ಸಾಗಿಸುತ್ತಿದ್ದ ಇಮೇಲ್‌ನಂಥ ದಾರಿಗಳಿಗೆ. ವೆಬ್‌ನ ಸಾಗಣೆ ನಿಯಮವಾದ ಎಚ್‌ಟಿಟಿಪಿ ಬೈಟ್‌ಗಳನ್ನು ಹಾಗೆಯೇ ಒಯ್ಯುತ್ತದೆ. ಜೇಸನ್‌ನಲ್ಲಿ ಬೇರೆ ಏನಿದೆ?

ಬೂದುಬೋರ್ಡು: ಸಮಯ, ಬೋರ್ಡ್ ಸಂಖ್ಯೆ. ಅಷ್ಟೇ.

ಆರುಬಿಟ್: ಅವೆರಡನ್ನೂ ಎಚ್‌ಟಿಟಿಪಿ ಹೆಡರ್‌ಗೆ ಹಾಕಿ, ಫೋಟೋವನ್ನು ಪೋಸ್ಟ್ ಬಾಡಿಯಲ್ಲಿ ಹಾಗೇ ಕಳಿಸಿ. 14200 ಬೈಟ್ 14200 ಆಗಿಯೇ ಹೋಗುತ್ತದೆ. ಸರ್ವರ್‌ನಲ್ಲಿ ಅದನ್ನು ಸ್ಟ್ರಿಂಗ್ ಆಗಿ ಓದಬೇಡಿ, ಬೈಟ್‌ಗಳಾಗಿಯೇ ಓದಿ. ಯುಟಿಎಫ್-8 ಪಠ್ಯ ಎಂದುಕೊಂಡು ಓದಿದರೆ ಹೊಂದದ ಬೈಟ್‌ಗಳ ಜಾಗದಲ್ಲಿ 239, 191, 189 (ಬದಲಿ ಚಿಹ್ನೆಯ ಮೂರು ಬೈಟ್‌ಗಳು) ಬಂದು ಕೂರುತ್ತವೆ. ಹಾಗಾದರೆ ಮೂಲ ಬೈಟ್‌ಗಳು ಮರಳಿ ಸಿಗುವುದಿಲ್ಲ.