ಅಪ್‌ಡೇಟ್: ಜಾವೆಲಿನ್ ಈಗ ತುದಿಯೂರಿ ಬೀಳುತ್ತಿದೆ!

ಹೋದ ತಿಂಗಳು ಕೇಳಿದ್ದೆ: ನಮ್ಮ ಹೈಸ್ಕೂಲ್ ಮಕ್ಕಳು ಎಸೆದ ಜಾವೆಲಿನ್ ಬಾಲ ಮೊದಲಾಗಿ ಬೀಳುತ್ತದೆ, ಏನು ಮಾಡಲಿ ಅಂತ. ಓಟ ಬಿಡಿಸಿ, ನಿಂತಲ್ಲೇ ಎಸೆಸಿ ಅಂದಿದ್ದಿರಿ.

ಮೊದಲ ವಾರ ಮಕ್ಕಳು ಗೊಣಗಿದರು. ಅವರ ಕಣ್ಣಲ್ಲಿ ಇರುವುದು ನೀರಜ್ ಚೋಪ್ರಾ ಓಟ, ಅಲ್ವಾ! ಹತ್ತು ಹೆಜ್ಜೆ ದೂರದಲ್ಲಿ ಹಳೇ ಸೈಕಲ್ ಟೈರ್ ಇಟ್ಟು, ಅದರೊಳಗೆ ನೆಡಬೇಕು ಅಂದೆ. ಆಮೇಲೆ ಬೆಲ್ ಹೊಡೆದರೂ ಮನೆಗೆ ಹೋಗಲಿಲ್ಲ. ಎಲ್ಲರೂ ಎಸೆದ ಮೇಲೆ, ಸೀಟಿ ಊದಿದಾಗ ಮಾತ್ರ ಎತ್ತಿಕೊಂಡು ಬರಬೇಕು. ಇದರಲ್ಲಿ ರಾಜಿ ಇಲ್ಲ.

ನಿಜವಾದ ತಪ್ಪು ಕೈಯಲ್ಲಿತ್ತು. ಅಂಗೈ ಪಕ್ಕಕ್ಕೆ ತಿರುಗಿ, ಮೊಣಕೈ ಭುಜಕ್ಕಿಂತ ಕೆಳಗಿಳಿಯುತ್ತಿತ್ತು. ತುದಿ ಆಕಾಶ ನೋಡುತ್ತಿತ್ತು. ಅಂಗೈ ಆಕಾಶದ ಕಡೆಗೆ, ತುದಿ ಕಣ್ಣಿನ ಹತ್ತಿರ, ದಾರ ಸುತ್ತಿದ ಹಿಡಿಯ ಹಿಂದಿನ ಅಂಚಿಗೆ ನಡುಬೆರಳು. ಇಷ್ಟೇ ಹೇಳಿಕೊಟ್ಟೆ.

ಇನ್ನೊಂದು ಎಡವಟ್ಟು ನನ್ನದೇ. ದೊಡ್ಡ ಗಂಡಸರು ಎಸೆಯುವ 800 ಗ್ರಾಂನದನ್ನೇ ಸುಮ್ನೆ ಎಲ್ಲರ ಕೈಗೂ ಕೊಟ್ಟಿದ್ದೆ! ಈಗ 600, ಚಿಕ್ಕವರಿಗೆ 500.

ಮೂರು ಹೆಜ್ಜೆ ಹಾಕಿ ಎಸೆಯುವುದನ್ನು ಈ ವಾರ ಶುರು ಮಾಡಿದೆವು. ಮುಂದಿನ ಎಡಗಾಲು ಗಟ್ಟಿಯಾಗಿ ನಿಲ್ಲದೆ ಮಂಡಿ ಬಗ್ಗಿಬಿಡುತ್ತದೆ. ಅದಕ್ಕೇನಾದರೂ ಆಟ ಇದ್ದರೆ ಹೇಳಿ.